ತುತ್ತಿನವಳ ಮಗಳಿಗೆ ಹೆಸರಿಟ್ಟದ್ದು

ಆ ಊರಿನ ಪಟದ ಮನೆಯಲ್ಲಿರುವ ಅಷ್ಟೂ ಪಟಗಳನ್ನು ತೆಗೆದವನು ನಾನೇ. ಊರಿಗೆ ಊರೇ ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೂತಿದೆ. ಅಷ್ಟು ಜನರ ಕೈಲಿ ನೋಡಿಸಿಕೊಂಡವನು ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ.

ಸುಳ್ಳು. ನೀವು ಹಿಡಿದು ಮಾನ ಕಳೆಯುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಜನ್ಮದಲ್ಲಿ ಕ್ಯಾಮೆರಾ ಹಿಡಿದದ್ದು ಒಂದೇ ಸಲ, ಭಾವಮೈದುನನ ಮದುವೆಯಲ್ಲಿ. ಧಾರೆಯ ಹೊತ್ತಿಗೆ ಸರಿಯಾಗಿ ಒತ್ತಿದೆ, ಬಂದದ್ದು ನನ್ನ ಹೆಬ್ಬೆರಳು. ಅವರ ಮನೆಯ ಆಲ್ಬಮ್ಮಿನಲ್ಲಿ ಈಗಲೂ ಇದೆ, ಬೇಕಾದರೆ ಹೋಗಿ ನೋಡಿ. ನನ್ನ ಮಾತು ಸುಳ್ಳಾದರೂ ಕತೆ ಮಾತ್ರ ನಿಜ, ಕತೆಯೊಳಗಿನ ಸಿಟ್ಟು ಅದಕ್ಕಿಂತ ನಿಜ. ಆ ಸಿಟ್ಟು ತುತ್ತಿನವಳದು. ನಾನು ಅಷ್ಟು ದೂರದಿಂದ ಹೊತ್ತು ತಂದಿದ್ದೇನೆ, ಇನ್ನೂ ಆರಿಲ್ಲ.

ಆ ಊರಿನಲ್ಲಿ ಆಟ ಒಂದೇ. ಮನೆಗೊಂದು ಗಾಜು, ಗಾಜಿನೊಳಗೆ ಆಟ, ಗಾಜಿನ ಎದುರಿಗೆ ಆಡುವವರು. ಬೆಳಿಗ್ಗೆ ಕೂತವರು ಸಂಜೆಗೂ ಕೂತಿರುತ್ತಾರೆ, ಬೆನ್ನು ಬಾಗಿಸಿ, ಬಾಯಿ ತೆರೆದು, ಎರಡೂ ಹೆಬ್ಬೆರಳು ಕುಣಿಸುತ್ತಾ. ರೆಪ್ಪೆ ಬಡಿಯುವುದು ಮರೆತುಹೋಗಿ ಕಣ್ಣಲ್ಲಿ ನೀರು ಇಳಿಯುತ್ತಿರುತ್ತದೆ. ಅದು ದುಃಖದ ನೀರಲ್ಲ. ಆಟದಲ್ಲಿ ಓಡಬೇಕು, ಹಾರಬೇಕು, ಎದುರಿಗೆ ಬಂದದ್ದನ್ನು ಹೊಡೆಯಬೇಕು, ಹೊಡೆಯಲಾಗದಿದ್ದರೆ ಸಾಯಬೇಕು, ಸತ್ತ ಮೇಲೆ ಮತ್ತೆ ಹುಟ್ಟಬೇಕು. ಆ ಸಾವಿಗೂ ಈ ಹುಟ್ಟಿಗೂ ನಡುವೆ ಒಂದು ಉಸಿರಿನಷ್ಟು ಹೊತ್ತು ಗಾಜು ಖಾಲಿಯಾಗುತ್ತದೆ, ತೊಳೆದಿಟ್ಟ ಲೋಟದ ಹಾಗೆ. ಆ ಖಾಲಿಯ ಬಗ್ಗೆ ಊರಿನಲ್ಲಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ನೀವು ಮಾತ್ರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಊರಿಗೆ ಹಿಂದೊಮ್ಮೆ ಒಬ್ಬ ಪಟದವನು ಬಂದ. ಊರ ನಡುವೆ ಒಂದು ಗೂಡು ಕಟ್ಟಿದ. ಗೂಡಿನಲ್ಲಿ ಒಂದು ಗಾಜು ನಿಲ್ಲಿಸಿ, ಅದರ ಬೆನ್ನಿನ ಕಪ್ಪು ತಗಡು ಕಳಚಿ, ಆ ಜಾಗದಲ್ಲಿ ಕ್ಯಾಮೆರಾ ಇಟ್ಟು, ಕಪ್ಪು ಬಟ್ಟೆ ಹೊದ್ದು ಕೂತ. ಒಬ್ಬೊಬ್ಬರನ್ನೇ ಕರೆದು ಗಾಜಿನ ಎದುರು ಕೂರಿಸಿದ. ಅವರು ಆಡುತ್ತಾ ಹೋದರು, ಇವನು ಕಾಯುತ್ತಾ ಹೋದ. ನಾಚಿಕೆ ಹೋಗಬೇಕು, ನಗು ಹೋಗಬೇಕು, ತಾನು ಇಂಥವನು ಎಂಬ ನೆನಪೂ ಹೋಗಬೇಕು. ಮುಖ ಹಣ್ಣಾಗುವುದು ಅನ್ನುತ್ತಿದ್ದ ಅದಕ್ಕೆ. ಹಣ್ಣಾದ ಗಳಿಗೆಯಲ್ಲಿ ಒತ್ತುತ್ತಿದ್ದ.

ಪಟಗಳು ಗೋಡೆಗೆ ಬಂದ ದಿನ ಊರೇ ಬೆಚ್ಚಿತು. ಬಾಯಿ ಅರ್ಧ ತೆರೆದಿದೆ, ಹುಬ್ಬು ಗಂಟಾಗಿದೆ, ನಾಲಗೆಯ ತುದಿ ತುಟಿಯ ಮೂಲೆಯಲ್ಲಿ ಕೂತಿದೆ, ಕಣ್ಣು ಮಾತ್ರ ನೇರ ಎದುರು ನಿಂತವರ ಮೇಲಿದೆ. ಹಾಗೆ ನೋಡುವ ಕಣ್ಣನ್ನು ಆ ಊರಿನವರು ಮರೆತೇಬಿಟ್ಟಿದ್ದರು. ಒಬ್ಬ ಮುದುಕಿ ತನ್ನ ಮಗನ ಪಟದ ಮುಂದೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳಂತೆ, ನನ್ನ ಮಗ ನನ್ನ ನೋಡಿದ, ನನ್ನೇ ನೋಡಿದ ಅಂತ. ಅವಳ ಸಮಾಧಾನಕ್ಕೆ ಊರ ಯಜಮಾನ ಒಂದು ಮಾತು ಹೇಳಿದ: ಪಟ ನೋಡಿದರೆ ಆಳೇ ನೋಡಿದ ಹಾಗೆ ಬಿಡು, ತಾಯಿ.

ಸಮಾಧಾನಕ್ಕೆ ಹೇಳಿದ ಮಾತು ಕಟ್ಟಳೆಯಾಗಲು ಎಷ್ಟು ಹೊತ್ತು ಬೇಕು? ಯಜಮಾನ ಪಟದ ಮನೆ ಕಟ್ಟಿಸಿದ, ಬಾಗಿಲ ಮೇಲೆ ಆ ಮಾತನ್ನೇ ಕೆತ್ತಿಸಿದ. ಗಂಡ ನನ್ನ ಮುಖ ನೋಡುವುದಿಲ್ಲ ಅಂತ ಹೆಂಡತಿ ದೂರು ತಂದರೆ, ಹೋಗಿ ಅವನ ಪಟದ ಮುಂದೆ ನಿಂತು ಬಾ ಅನ್ನುತ್ತಿದ್ದರು. ಸಾಯುವ ಅಪ್ಪನ ಕಾಲಬುಡದಲ್ಲಿ ಮಕ್ಕಳ ಪಟ ಒರಗಿಸುತ್ತಿದ್ದರು, ಅಪ್ಪ ಅವನ್ನು ನೋಡಿಕೊಂಡೇ ಹೋಗುತ್ತಿದ್ದ. ಮದುವೆಯಲ್ಲಿ ಅಂತರಪಟ ಸರಿದರೆ ಅತ್ತ ಒಂದು ಪಟ, ಇತ್ತ ಒಂದು ಪಟ. ಪಟಗಳ ಮೇಲೆ ಅಕ್ಷತೆ ಬೀಳುತ್ತಿತ್ತು, ಹುಡುಗ ಹುಡುಗಿ ತಮ್ಮ ತಮ್ಮ ಗಾಜಿನ ಮುಂದೆ ಬಾಯಿ ತೆರೆದು ಕೂತಿರುತ್ತಿದ್ದರು. ಮೊದಮೊದಲು ಆಗೊಮ್ಮೆ ಈಗೊಮ್ಮೆ ತಲೆ ಎತ್ತುತ್ತಿದ್ದವರೂ ನಿಲ್ಲಿಸಿದರು. ಯಾಕೆ ಎತ್ತಬೇಕು, ನಮ್ಮ ಪಾಲಿನ ನೋಟವನ್ನು ಪಟದ ಮನೆಯಲ್ಲಿ ಕೊಟ್ಟು ಬಂದಿದ್ದೇವಲ್ಲ.

ಇಂಥವರಿಗೆ ಉಣಿಸಬೇಕಲ್ಲ. ಅದಕ್ಕೇ ತುತ್ತಿನವಳು.

ಬೀದಿಗೊಬ್ಬ ತುತ್ತಿನವಳಿದ್ದಳು. ಅವರು ಆಡುವಂತಿಲ್ಲ. ಅವರ ಕೈ ಯಾವಾಗಲೂ ಅನ್ನದಲ್ಲಿ, ಅನ್ನದ ಕೈ ತಾಗಿದರೆ ಗಾಜು ಮಂಕಾಗುತ್ತದೆ. ನಮ್ಮ ತುತ್ತಿನವಳು ಸೊಂಟದ ಮೇಲೆ ಮೊಸರನ್ನದ ಕೊಡ, ಕೈಯಲ್ಲಿ ನೀರಿನ ತಂಬಿಗೆ ಹಿಡಿದು ದಿನಕ್ಕೆ ಮೂರು ಸಲ ಬೀದಿ ಸುತ್ತುತ್ತಿದ್ದಳು. ತೆರೆದ ಬಾಯಿಗೆ ಒಂದು ತುತ್ತು, ಒಂದು ಗುಟುಕು, ಮುಂದಿನ ಮನೆ. ಒಂದು ತುತ್ತು, ಒಂದು ಗುಟುಕು, ಮುಂದಿನ ಮನೆ. ಯಾರ ಹಲ್ಲು ಹುಳುಕು, ಯಾರ ಅಂಗುಳಿನಲ್ಲಿ ಹುಣ್ಣು, ಯಾರು ಜಗಿಯದೆ ನುಂಗುತ್ತಾರೆ, ಎಲ್ಲ ಅವಳಿಗೆ ಗೊತ್ತು. ಯಾರ ಕಣ್ಣಿನ ಬಣ್ಣ ಏನು ಎಂದು ಕೇಳಿದರೆ ಗೊತ್ತಿಲ್ಲ. ಅದಕ್ಕೆ ಪಟದ ಮನೆಗೆ ಹೋಗಬೇಕು.

ಮಕ್ಕಳಿಗೆ ತುತ್ತಿಡುವಾಗ ಅವಳು ಹೆಸರು ಹಿಡಿದು ಕರೆಯುತ್ತಿದ್ದಳು. ಒಂದು ಮಗುವೂ ತಿರುಗುತ್ತಿರಲಿಲ್ಲ. ಆಟದಿಂದ ಎಬ್ಬಿಸಿ ಅಂಗಳಕ್ಕೆ ತಂದು ಕೂಗಿದರೂ ಅಷ್ಟೆ. ಹೆಸರು ಕಿವಿಯ ಹತ್ತಿರ ಹೋಗಿ, ಮನೆ ಗುರುತು ಸಿಗದವರ ಹಾಗೆ ವಾಪಸು ಬರುತ್ತಿತ್ತು. ಅದಕ್ಕೆ ಕಾರಣವೂ ಊರಿಗೆಲ್ಲ ಗೊತ್ತಿತ್ತು, ಬಾಯಿ ಬಿಟ್ಟು ಯಾರೂ ಹೇಳುತ್ತಿರಲಿಲ್ಲ. ಆ ಊರಿನ ಹಳೆಯ ಶಾಸ್ತ್ರ ಹೀಗಿತ್ತು: ಮಗುವಿಗೆ ಮೊದಲ ಹಲ್ಲು ಮೂಡುವುದರೊಳಗೆ ಎರಡು ಜೊತೆ ಕಣ್ಣು ಒಟ್ಟಿಗೆ ಅದರ ಮುಖದ ಮೇಲಿರುವಾಗ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕು. ನೋಟದ ನೆರಳಿನಲ್ಲಿ ಹೇಳಿದ ಹೆಸರು ಮಗುವಿಗೆ ಹತ್ತುತ್ತದೆ. ಈಗಿನ ಮಕ್ಕಳಿಗೆಲ್ಲ ಅಪ್ಪನ ಪಟ, ಅಮ್ಮನ ಪಟ ಎರಡನ್ನೂ ಆಚೀಚೆ ಹಿಡಿದು ಹೆಸರಿಟ್ಟಿದ್ದರು. ಹೆಸರು ಹತ್ತಿರಲಿಲ್ಲ.

ಹೀಗಿರುವಾಗ ತುತ್ತಿನವಳಿಗೆ ಹೆಣ್ಣು ಮಗುವಾಯಿತು. ಬೆಳಗಿನ ಹೊತ್ತು, ಗಂಡ ಅದೇ ಕೋಣೆಯ ಮೂಲೆಯಲ್ಲಿ ಗಾಜಿನ ಮುಂದೆ ಕೂತಿದ್ದ. ಪಕ್ಕದ ಬೀದಿಯ ಹಿರಿಯ ತುತ್ತಿನವಳು ಬಂದು ಹೆರಿಗೆ ಮಾಡಿಸಿದಳು. ಮಗು ಅತ್ತಿತು. ಗಂಡ ತಲೆ ಎತ್ತದೆ, ಸ್ವಲ್ಪ ಆ ಶಬ್ದ ಕಡಿಮೆ ಮಾಡು ಕಣೇ ಅಂದ.

ತುತ್ತಿನವಳ ಸಿಟ್ಟು ಹುಟ್ಟಿದ್ದು ಅವತ್ತು. ಮಗುವಿನ ಜೊತೆಗೇ ಹುಟ್ಟಿತು, ಮಗುವಿನ ಜೊತೆಗೇ ಬೆಳೆಯಿತು. ಅವಳಿಗೆ ಬೇಕಾದದ್ದು ಒಂದೇ. ಅವನು ಒಂದು ಸಲ ತಲೆ ಎತ್ತಿ ಮಗುವನ್ನು ನೋಡಬೇಕು. ಹೆಸರು ಹೇಳುವಷ್ಟು ಹೊತ್ತು. ಆಮೇಲೆ ಬೇಕಾದರೆ ಜನ್ಮಪೂರ್ತಿ ಆಡಿಕೊಳ್ಳಲಿ.

ಮೊದಲು ಕೇಳಿಕೊಂಡಳು. ರೀ, ಒಂದು ಸಲ ಇತ್ತ ನೋಡಿ ಅಂದಳು. ಈಗ ಅಂದ ಅವನು. ಆ ಊರಿನಲ್ಲಿ ಈಗ ಅಂದರೆ ಯಾವತ್ತೂ ಅಲ್ಲ. ಆಮೇಲೆ ಮಗುವನ್ನೆತ್ತಿಕೊಂಡು ಗಾಜಿಗೆ ಅಡ್ಡ ನಿಂತಳು. ಅವನು ಕೊಕ್ಕರೆಯ ಹಾಗೆ ಕತ್ತು ಚಾಚಿ ಅವಳ ಸೊಂಟದ ಪಕ್ಕದಿಂದ ನೋಡಿಕೊಂಡು ಆಡಿದ. ಆ ಕಡೆ ಸರಿದರೆ ಈ ಕಡೆಯಿಂದ, ಈ ಕಡೆ ಸರಿದರೆ ಆ ಕಡೆಯಿಂದ. ಕೊನೆಗೆ ತುತ್ತು ನಿಲ್ಲಿಸಿದಳು. ಬಾಯಿ ಹಾಗೇ ತೆರೆದುಕೊಂಡಿತ್ತು. ಒಂದು ನೊಣ ಒಳಗೆ ಹೋಗಿ ಸುತ್ತಾಡಿ ಹೊರಗೆ ಬಂತು. ಎರಡನೆಯ ದಿನ ಹಿರಿಯ ತುತ್ತಿನವಳೇ ಮನಸ್ಸು ತಡೆಯದೆ ಬಂದು ಅವನಿಗೆ ಉಣಿಸಿದಳು.

"ಯಾಕೆ ಹಿಂಗೆ ಹಟ ಹಿಡಿದಿದ್ದೀಯ" ಅಂದಳು ಹಿರಿಯಳು. "ನನ್ನ ನಾಲ್ಕು ಮಕ್ಕಳಿಗೂ ಪಟದ ಮುಂದೇನೇ ಹೆಸರಿಟ್ಟದ್ದು. ಏನಾಗಿದೆ ಈಗ ಅವಕ್ಕೆ?"

"ಕೂಗಿ ನೋಡಕ್ಕ" ಅಂದಳು ತುತ್ತಿನವಳು.

ಹಿರಿಯಳು ಕೊಡದೊಳಗೆ ಕೈ ಆಡಿಸುತ್ತಾ ನಿಂತಳು. ಕೂಗಲಿಲ್ಲ.

ಮಗುವಿನ ವಸಡಿನಲ್ಲಿ ಅಕ್ಕಿ ನುಚ್ಚಿನಷ್ಟು ಬಿಳಿ ಕಂಡ ದಿನ ಯಜಮಾನ ಹೇಳಿಕಳಿಸಿದ. ಹಲ್ಲು ಮೂಡುವುದರೊಳಗೆ ಮಗುವನ್ನು ಪಟದ ಮನೆಗೆ ತರಬೇಕು, ತಾರದಿದ್ದರೆ ತಾವೇ ಬಂದು ಎತ್ತಿಕೊಂಡು ಹೋಗುತ್ತೇವೆ ಎಂದು. ತುತ್ತಿನವಳು ಮಗುವನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಕೊಡವನ್ನೂ ಸೊಂಟಕ್ಕೆ ಏರಿಸಿಕೊಂಡಳು. ಕೊಡ ಯಾಕೆ ಅಂತ ದಾರಿಯಲ್ಲಿ ಕೇಳುವುದಕ್ಕೆ ತಲೆ ಎತ್ತಿದವರು ಯಾರೂ ಇರಲಿಲ್ಲ.

ಪಟದ ಮನೆಯ ಒಳಗೆ ನೋಡಬೇಕು ನೀವು. ಸಾಲು ಸಾಲು ಗೋಡೆ, ಗೋಡೆ ತುಂಬ ಮುಖ, ಒಂದೊಂದು ಮುಖದ ಮುಂದೆಯೂ ಒಬ್ಬರು ಸುಮ್ಮನೆ ನಿಂತಿದ್ದಾರೆ. ಒಬ್ಬಳು ಹೊಸ ಸೀರೆ ಉಟ್ಟುಕೊಂಡು ಬಂದು ಗಂಡನ ಪಟಕ್ಕೆ ತೋರಿಸುತ್ತಿದ್ದಾಳೆ, ಮುಂದೆ ತಿರುಗಿ, ಹಿಂದೆ ತಿರುಗಿ. ಒಬ್ಬ ಮುದುಕ ಮಗಳ ಪಟದ ಮುಂದೆ ತನ್ನ ಮಂಡಿನೋವು ಹೇಳಿಕೊಳ್ಳುತ್ತಿದ್ದಾನೆ. ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ, ಎಲ್ಲ ಮುಖಗಳೂ ಕೇಳಿಸಿಕೊಳ್ಳುತ್ತಿರುವ ಹಾಗೆ ಕಾಣುತ್ತವೆ. ಯಜಮಾನ ಪೇಟ ಸುತ್ತಿಕೊಂಡು ನಡುವಿನ ಕಂಬಕ್ಕೆ ಒರಗಿ ಕೂತಿದ್ದ. ಅವನು ಆಡುತ್ತಿರಲಿಲ್ಲ, ಆಡುವವರ ಮೇಲೆ ಕಣ್ಣಿಡುವುದೇ ಅವನ ಆಟ. ಅವನನ್ನು ಮಾತ್ರ ಯಾರೂ ನೋಡುತ್ತಿರಲಿಲ್ಲ. ಅವನ ಪಟವೂ ಇರಲಿಲ್ಲ, ಅವನ ಹೆಂಡತಿ ಮಕ್ಕಳು ಗಾಜು ಬಿಟ್ಟು ಏಳುತ್ತಿರಲಿಲ್ಲ.

ತುತ್ತಿನವಳು ಗಂಡನ ಪಟದ ಹತ್ತಿರ ಹೋದಳು. ತನ್ನ ಮದುವೆಗೆ ತೆಗೆದ ಪಟ ಅದು. ಹೊಸ ಮದುವಣಗಿತ್ತಿಯಾಗಿದ್ದಾಗ ಅವಳೂ ಅದರ ಮುಂದೆ ಗಂಟೆಗಟ್ಟಲೆ ನಿಂತವಳೇ, ನಿಂತು ಬೆಚ್ಚಗಾದವಳೇ. ಅದನ್ನು ನೆನೆದೇ ಅವಳ ಸಿಟ್ಟು ಈಗ ಇನ್ನಷ್ಟು ಏರಿತು. ಮಗುವನ್ನು ಎತ್ತಿ ಪಟದ ಕಣ್ಣಿಗೆ ಸಮನಾಗಿ ಹಿಡಿದಳು. ಹಿಡಿದು, ತಾನೂ ಮುಖ ಹತ್ತಿರ ತಂದು, ಆ ಕಣ್ಣೊಳಗೆ ಇಣುಕಿದಳು.

ಮಗುವಿಗೆ ಹಾಲೂಡಿಸುವಾಗ ಅವಳು ಒಂದು ಸಂಗತಿ ಕಂಡುಕೊಂಡಿದ್ದಳು. ಮಗು ಅವಳನ್ನು ನೋಡುವಾಗ ಅದರ ಕಣ್ಣೊಳಗೆ ಒಬ್ಬ ಸಣ್ಣ ತುತ್ತಿನವಳು ಕೂತಿರುತ್ತಿದ್ದಳು, ಸಾಸಿವೆಯಷ್ಟು, ಸೆರಗು ಹೊದ್ದು. ನೋಡಿಸಿಕೊಂಡವರು ನೋಡುವವರ ಕಣ್ಣೊಳಗೆ ಇರುತ್ತಾರೆ. ಈ ಪಟದ ಕಣ್ಣೊಳಗೆ ಅವಳೂ ಇರಲಿಲ್ಲ, ಮಗುವೂ ಇರಲಿಲ್ಲ. ಒಂದು ಸಣ್ಣ ಬೆಳ್ಳನೆಯ ಚೌಕವಿತ್ತು, ಕಿಟಕಿಯಂಥದು. ಚೌಕದೊಳಗೆ ಒಂದು ಚುಕ್ಕೆಯಂಥ ಆಳು ಓಡುತ್ತಿರುವ ಹಾಗೆ ನಿಂತಿತ್ತು. ಪಕ್ಕದ ಪಟ ನೋಡಿದಳು, ಅದರಲ್ಲೂ ಚೌಕ. ಅದರ ಪಕ್ಕದ್ದು, ಆಚೆ ಗೋಡೆಯದ್ದು, ಸತ್ತವರದು, ಮಕ್ಕಳದು. ಊರಿಗೆ ಊರೇ ಕಣ್ಣಲ್ಲಿ ಚೌಕ ಇಟ್ಟುಕೊಂಡು ನಿಂತಿತ್ತು.

"ಯಜಮಾನ್ರೇ, ಇವರು ನನ್ನ ಮಗಳನ್ನ ನೋಡ್ತಾ ಇಲ್ಲ."

ಯಜಮಾನ ನಿಧಾನವಾಗಿ ಎದ್ದು ಬಂದ. ಕಣ್ಣು ಯಾವ ಕಡೆಗಿದೆ ಅಂತ ಕೇಳಿದ. ಈ ಕಡೆಗೇ ಇದೆ ಅಂದಳು. ಹಾಗಾದರೆ ನೋಡುತ್ತಿದ್ದಾನೆ, ಕಣ್ಣೊಳಗೆ ಏನಿದೆ ಅಂತ ಕೆದಕುವುದು ಹೆಂಗಸರ ಕೆಲಸವಲ್ಲ ಅಂದ. ನೀನು ಬೇಡವೆಂದರೂ ಇವತ್ತು ಹೆಸರಾಗಲೇಬೇಕು ಅಂದ.

ತುತ್ತಿನವಳು ಕೊಡಕ್ಕೆ ಕೈ ಹಾಕಿದಳು. ಒಂದು ದೊಡ್ಡ ತುತ್ತು ಉಂಡೆ ಮಾಡಿದಳು. ಪಟದ ತೆರೆದ ಬಾಯಿಗೆ ಹಿಡಿದಳು, ದಿನಕ್ಕೆ ಮೂರು ಸಲ ಗಂಡನಿಗೆ ಹಿಡಿದ ಹಾಗೇ. ಪಟದ ಮನೆಯಲ್ಲಿ ಪಿಸುಮಾತು ನಿಂತಿತು. ಮೊಸರು ಪಟದ ಗಲ್ಲದ ಮೇಲೆ ಇಳಿದು ಚೌಕಟ್ಟಿನಿಂದ ತೊಟ್ಟಿಕ್ಕಿತು.

"ನುಂಗಲಿಲ್ಲ" ಅಂದಳು. "ಇದು ನನ್ನ ಗಂಡ ಆಗಿದ್ರೆ ಇಷ್ಟೊತ್ತಿಗೆ ನುಂಗಿರ್ತಿತ್ತು."

ಮತ್ತೆ ಅದೇ ತುತ್ತನ್ನು ಎರಡು ಪಾಲು ಮಾಡಿ ಪಟದ ಎರಡು ಕಣ್ಣಿಗೂ ಮೆತ್ತಿದಳು. ಹೆಬ್ಬೆರಳಿನಿಂದ ಒತ್ತಿ ಒತ್ತಿ ಮೆತ್ತಿದಳು. ಹೊಸ ಸೀರೆಯವಳು ಅಯ್ಯೋ ಅಂದಳು. ಪಟಕ್ಕೆ ಮೆತ್ತಿದರೆ ಗಂಡನ ಮುಖಕ್ಕೇ ಮೆತ್ತಿದ ಹಾಗಾಯಿತಲ್ಲ ಅಂದ ಯಜಮಾನ. ಗಂಡನ ಮುಖಕ್ಕೂ ನಿನ್ನೆ ಮೆತ್ತಿ ನೋಡಿದೆ, ಒರೆಸಿಕೊಳ್ಳಲೂ ಇಲ್ಲ ಅಂದಳು ತುತ್ತಿನವಳು. ಅವಳ ದನಿ ಏರಿರಲಿಲ್ಲ.

ಕಣ್ಣಿಲ್ಲದ ಪಟದ ಮುಂದೆ ಹೆಸರಿಡುವಂತಿಲ್ಲ. ಯಜಮಾನ ಅಲ್ಲೇ ಅಪ್ಪಣೆ ಮಾಡಿದ: ಈಗಲೇ ಗಂಡನನ್ನು ಗೂಡಿಗೆ ಹೊತ್ತು ತಂದು ಹೊಸ ಪಟ ತೆಗೆಯಬೇಕು, ಪಟದ ಒದ್ದೆ ಆರುವುದರೊಳಗೆ ಹೆಸರಾಗಬೇಕು. ನಾಲ್ಕು ಜನ ತುತ್ತಿನವರು ಸೇರಿ ಗಂಡನನ್ನು ಕುರ್ಚಿಯ ಸಮೇತ, ಸೆರಗು ಸುತ್ತಿದ ಕೈಯಲ್ಲಿ ಮುಂದೊಂದು ಗಾಜು ಹಿಡಿದುಕೊಂಡು, ಆಟ ಕೆಡದ ಹಾಗೆ ಬೀದಿಯಲ್ಲಿ ಹೊತ್ತು ತಂದರು. ಉತ್ಸವಮೂರ್ತಿಯ ಹಾಗೆ ಬಂದ. ಬಂದದ್ದು ಅವನಿಗೆ ಗೊತ್ತಾಗಲಿಲ್ಲ.

ಅವರು ಬರುವ ಮೊದಲೇ ತುತ್ತಿನವಳು ಗೂಡಿಗೆ ಹೋಗಿದ್ದಳು.

ಪಟದವನು ಕಪ್ಪು ಬಟ್ಟೆ ಹೊದ್ದೇ ಕೂತಿದ್ದ. ಬಟ್ಟೆ ತೆಗೆದರೆ ಒಬ್ಬ ನಡುವಯಸ್ಸಿನವನು, ಬಾಯಿ ತುಂಬ ಹಲ್ಲು, ತಮಾಷೆಯ ಮೋರೆ. ಆ ಊರಿನಲ್ಲಿ ಅವನ ಮುಖ ಕಂಡವರು ಯಾರೂ ಇರಲಿಲ್ಲ. ತುತ್ತಿನವಳು ಸುತ್ತಿ ಬಳಸಿ ಮಾತಾಡಲಿಲ್ಲ. ಅಣ್ಣ, ಆ ಕಣ್ಣೊಳಗಿನ ಚೌಕ ಏನು ಅಂತ ಕೇಳಿದಳು. ಅವನು ನಗುತ್ತಲೇ ಎಲ್ಲ ಹೇಳಿದ: ಗಾಜಿನ ಬೆನ್ನು, ತಗಡು ಕಳಚುವುದು, ಮುಖ ಹಣ್ಣಾಗುವುದು. ಅವರು ನೋಡುವುದು ಆಟವನ್ನು, ನಾನು ಆಟದ ಹಿಂದೆ ಬಚ್ಚಿಟ್ಟುಕೊಂಡವನು, ಪಟದಲ್ಲಿ ಮಾತ್ರ ನಿಮ್ಮನ್ನು ನೋಡಿದ ಹಾಗೆ ಬರುತ್ತದೆ ಅಂದ. ಮೊದಲು ಇದು ಬರೀ ತಮಾಷೆಗೆ ಮಾಡಿದ್ದು ತಾಯಿ, ಈ ಜನ ಇಷ್ಟು ನಂಬುತ್ತಾರೆ ಅಂತ ಗೊತ್ತಿರಲಿಲ್ಲ ಅಂದ.

"ನಂಬಿದ ಮೇಲಾದ್ರೂ ಹೇಳಬಹುದಿತ್ತಲ್ಲ" ಅಂದಳು.

ಅವನ ನಗು ಅಲ್ಲಿಗೆ ನಿಂತಿತು. ಕಪ್ಪು ಬಟ್ಟೆಯ ಅಂಚನ್ನು ಮಡಿಸಿದ, ಬಿಚ್ಚಿದ, ಮಡಿಸಿದ.

"ಊರಿಗೆ ಊರೇ ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೂತಿದೆ" ಅಂದ. "ಒಬ್ಬರಾದ್ರೂ ನನ್ನ ನೋಡಿಲ್ಲ. ಇಷ್ಟು ವರ್ಷದಲ್ಲಿ ಒಂದು ಲೋಟ ಟೀ ಕುಡಿ ಅಂದವರಿಲ್ಲ. ಹೇಳೋದು ಯಾರಿಗೆ?"

ಆಮೇಲೆ ಅವನೇ ಆ ಖಾಲಿಯ ಸಂಗತಿ ಹೇಳಿದ. ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಅದೇ. ಆಟದಲ್ಲಿ ಸತ್ತವನು ಮತ್ತೆ ಹುಟ್ಟುವುದರೊಳಗೆ ಗಾಜು ತಿಳಿಯಾಗುತ್ತದೆ, ಆಗ ಎದುರಿಗೆ ಏನಿದ್ದರೂ ಆಚೆಯವನಿಗೆ ಕಂಡೇ ಕಾಣಬೇಕು. ಅದಕ್ಕೇ ಆ ಗಳಿಗೆಯಲ್ಲಿ ತಾನು ಬಟ್ಟೆ ಎಳೆದುಕೊಂಡು ಮುದುಡಿಕೊಳ್ಳುತ್ತೇನೆ ಅಂದ. ತುತ್ತಿನವಳು ಮಿಕ್ಕದ್ದು ಕೇಳಿಸಿಕೊಳ್ಳಲಿಲ್ಲ. ಆ ಕ್ಯಾಮೆರಾ ಪಕ್ಕಕ್ಕೆ ಎತ್ತಿಡು ಅಂದಳು. ಅವನು ಎತ್ತಿಟ್ಟ.

ಗಂಡನನ್ನು ತಂದು ಗೂಡಿನ ಗಾಜಿನ ಎದುರು ಇಳಿಸಿದರು. ಹೀಗೆ, ಗಾಜಿನ ಆ ಕಡೆ ಗಂಡ, ಈ ಕಡೆ ತುತ್ತಿನವಳು. ಕ್ಯಾಮೆರಾ ಇದ್ದ ಜಾಗದಲ್ಲಿ ಮಗು, ಮಗುವಿನ ಹಿಂದೆ ತಾಯಿಯ ಮುಖ, ಪಕ್ಕದಲ್ಲಿ ಬಟ್ಟೆ ಕಳಚಿದ ಪಟದವನು. ಯಜಮಾನ ಗೂಡಿನ ಬಾಗಿಲ ಹೊರಗೆ ಕಾಯುತ್ತಿದ್ದ. ಗಾಜಿನೊಳಗೆ ಬಣ್ಣಗಳು ಎಡಬಲ ಅದಲುಬದಲಾಗಿ ಓಡುತ್ತಿದ್ದವು, ಬಣ್ಣಗಳ ಆಚೆ ಗಂಡನ ಮುಖವಿತ್ತು, ಅವನ ಕಣ್ಣು ನೇರ ಅವಳ ಮೇಲಿತ್ತು.

ಪಟದ ಮನೆಯಲ್ಲಿ ಅವಳು ನಿಂತು ಮೈ ಕಾಯಿಸಿಕೊಂಡಿದ್ದ ನೋಟ ಅದೇ, ಈಗ ಉಸಿರಾಡುತ್ತಾ, ಹಸಿಹಸಿಯಾಗಿ, ಎರಡು ಗೇಣು ದೂರದಲ್ಲಿ. ಸುಳ್ಳು ಎಂದು ಗೊತ್ತಿದ್ದೂ ಸಾಕು ಅನ್ನಿಸಿತು. ಇಷ್ಟರಲ್ಲೇ ಹೆಸರು ಹೇಳಿಬಿಡೋಣ, ಹತ್ತಿದರೆ ಹತ್ತಲಿ ಅನ್ನಿಸಿತು. ನನಗೆ ಅವಳ ಮೇಲೆ ಗೌರವ ಬರುವುದು ಇಲ್ಲಿ. ತುಟಿ ಕಚ್ಚಿಕೊಂಡು ಸುಮ್ಮನಿದ್ದಳು. ಕಾದಳು.

ಆಟದಲ್ಲಿ ಅವನು ಸತ್ತ. ಗಾಜು ತಿಳಿಯಾಯಿತು.

ಗಂಡನ ಮುಖ ಬಯಲಾಯಿತು. ಹುಬ್ಬಿನ ಗಂಟು ಬಿಚ್ಚಿತು, ನಾಲಗೆ ಒಳಗೆ ಹೋಯಿತು, ಕಣ್ಣೊಳಗಿನ ಚೌಕ ಆರಿ ಅಲ್ಲಿ ಒಂದು ಸಣ್ಣ ಮಗು ಕಂಡಿತು. ತುತ್ತಿನವಳು ಅದನ್ನು ತನ್ನ ಕಣ್ಣಾರೆ ಕಂಡಳು. ಮಗು ಅಪ್ಪನನ್ನು ನೋಡಿ ವಸಡು ಬಿಟ್ಟು ನಕ್ಕಿತು. ತುತ್ತಿನವಳು ಹೆಸರಿನ ಮೊದಲ ಅಕ್ಷರಕ್ಕೆ ಬಾಯಿ ತೆರೆದಳು.

ಅವನ ಹೆಬ್ಬೆರಳು ಅಲ್ಲಾಡಿತು. ಒಂದು ಸಲ, ಎರಡು ಸಲ, ಆಮೇಲೆ ಪಟಪಟನೆ. ಮಗುವಿನ ಮುಖಕ್ಕೆ ಗುರಿಯಿಟ್ಟು, ಹಲ್ಲು ಕಚ್ಚಿಕೊಂಡು ಒತ್ತಿದ.

"ಇದೊಂದು ಹೊಸದು ಬಂದಿದೆ" ಅಂದ ತನ್ನಷ್ಟಕ್ಕೆ. "ಹೊಡೆದರೂ ಸಾಯ್ತಿಲ್ಲ."

ಗಾಜು ಮತ್ತೆ ತುಂಬಿಕೊಂಡಿತು. ಅವನು ಹುಟ್ಟಿ ಓಡತೊಡಗಿದ.

ನಾನು ತಮಾಷೆಯ ಮನುಷ್ಯ, ಯಾವುದಕ್ಕೂ ಒಂದು ಚಟಾಕಿ ಹಾರಿಸದೆ ಇರುವವನಲ್ಲ. ಕತೆ ಇಲ್ಲಿಗೆ ಬಂದಾಗಲೆಲ್ಲ ನನಗೆ ಒಂದು ಚಟಾಕಿಯೂ ಹೊಳೆಯುವುದಿಲ್ಲ. ತುತ್ತಿನವಳು ಗಾಜು ಒಡೆಯಲಿಲ್ಲ. ಒಡೆದಿದ್ದರೆ ಅವನು ಅದನ್ನೂ ಆಟ ಅಂದುಕೊಳ್ಳುತ್ತಿದ್ದ. ಅವಳು ಗಾಜಿಗೆ ಬೆನ್ನು ತಿರುಗಿಸಿದಳು. ಮಗುವನ್ನು ತನ್ನ ಕಡೆಗೆ ತಿರುಗಿಸಿಕೊಂಡು ನೋಡಿದಳು, ಸಿಟ್ಟೆಲ್ಲ ಕಣ್ಣಿಗೆ ತಂದುಕೊಂಡು ನೋಡಿದಳು. ನೋಡುತ್ತಾ, ಇನ್ನೊಂದು ಜೊತೆ ಕಣ್ಣು ಆ ಮಗುವಿನ ಮೇಲಿರುವುದು ಅವಳ ಗಮನಕ್ಕೆ ಬಂತು. ಪಟದವನು ನೋಡುತ್ತಿದ್ದ. ಬಟ್ಟೆಯಿಲ್ಲದೆ, ಕ್ಯಾಮೆರಾ ಇಲ್ಲದೆ, ಬರಿಗಣ್ಣಿನಲ್ಲಿ ಅವನು ಆ ಊರಿನಲ್ಲಿ ಕಣ್ಣು ನೆಟ್ಟು ನೋಡಿದ ಮೊದಲ ಮುಖ ಅದು. ಅವನ ಕೆನ್ನೆ ಒದ್ದೆಯಾಗಿತ್ತು.

"ಕಣ್ಣು ತೆಗೀಬೇಡ" ಅಂದಳು ಅವನಿಗೆ. ಮಗುವಿನ ಕಿವಿಗೆ ಬಾಯಿಟ್ಟು ಮೂರು ಸಲ ಹೆಸರು ಹೇಳಿದಳು.

ಯಜಮಾನ ಬಾಗಿಲು ದೂಡಿಕೊಂಡು ಬಂದ. ಪಟ ಎಲ್ಲಿ ಅಂದ. ಪಟವಿಲ್ಲ, ಹೆಸರಾಯಿತು ಅಂದ ಪಟದವನು. ತಂದೆ ನೋಡಿದನೋ ಎಂದು ಯಜಮಾನ ಕೇಳಿದ. ತಂದೆ ಹೊಡೆದ, ನೋಡಿದ್ದು ನಾನು ಅಂದ ಪಟದವನು. ಶಾಸ್ತ್ರದಲ್ಲಿ ಎರಡು ಜೊತೆ ಕಣ್ಣು ಅಂತಿದೆ, ಯಾರದು ಅಂತಿಲ್ಲ ಅಂತಲೂ ಸೇರಿಸಿದ. ಯಜಮಾನ ಕಾಲು ಕೆರೆದ. ಇದು ಹೆಸರಲ್ಲ, ಹತ್ತುವುದಿಲ್ಲ, ಬೇಕಾದರೆ ಈಗಲೇ ತೋರಿಸುತ್ತೇನೆ ಅಂತ ತುತ್ತಿನವಳಿಂದ ಹೆಸರು ಕೇಳಿಕೊಂಡು, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ.

ಮಗು ತಿರುಗಿತು. ತಿರುಗಿ ಯಜಮಾನನ ಮುಖ ನೋಡಿತು, ರೆಪ್ಪೆ ಬಡಿಯದೆ, ಮಕ್ಕಳು ನೋಡುವ ಹಾಗೆ.

ಎಷ್ಟು ವರ್ಷವಾಗಿತ್ತೋ ಅವನನ್ನು ಯಾರಾದರೂ ನೋಡಿ. ಪೇಟ ಸರಿಮಾಡಿಕೊಳ್ಳಲು ಕೈ ಎತ್ತಿದ, ಕೈ ದಾರಿ ತಪ್ಪಿ ಮುಖ ಮುಚ್ಚಿಕೊಂಡಿತು. ಹಿಂದಕ್ಕೆ ಹೆಜ್ಜೆಯಿಟ್ಟು, ಇನ್ನೊಂದು ಇಟ್ಟು, ಹೊರಗೆ ಹೋದ.

ಅವತ್ತು ಮಧ್ಯಾಹ್ನ ತುತ್ತಿನವಳು ಬೀದಿ ಸುತ್ತಲಿಲ್ಲ. ನಾಲ್ಕು ದಾರಿ ಕೂಡುವಲ್ಲಿ ಕೊಡ ಇಳಿಸಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಕಣ್ಣೆತ್ತಿ ನೋಡಿದವರಿಗೆ ತುತ್ತು, ನೋಡದವರಿಗೆ ಇಲ್ಲ ಅಂದಳು. ಹಿರಿಯ ತುತ್ತಿನವಳು ಬಂದು, ಸಾಯ್ತಾರೆ ಕಣೇ ಅಂದಳು. ಸತ್ತರೆ ಮತ್ತೆ ಹುಟ್ಟುತ್ತಾರಲ್ಲ, ಅಭ್ಯಾಸ ಇದೆ ಅಂದಳು ತುತ್ತಿನವಳು. ಹಿರಿಯಳು ಆ ಮಾತಿಗೆ ಬೆಚ್ಚಿದಳು, ಕೊನೆಗೆ ತನ್ನ ಕೊಡವನ್ನೂ ಪಕ್ಕದಲ್ಲಿ ಇಳಿಸಿದಳು. ಬೀದಿಯ ಉದ್ದಕ್ಕೂ ಬಾಯಿಗಳು ತೆರೆದೇ ಇದ್ದವು.

ಮೂರನೆಯ ದಿನ ಗಂಡ ಬಂದ. ಗಾಜು ಬಿಟ್ಟು ಅವನಾಗಿ ಎದ್ದು ಬಂದದ್ದು ಅದೇ ಮೊದಲು. ಕಾಲು ನಡೆಯುವುದು ಮರೆತಿತ್ತು, ಗೋಡೆ ಹಿಡಿದುಕೊಂಡು ಬಂದ. ಕಣ್ಣು ಇನ್ನೂ ನೆಲದ ಮೇಲೆಯೇ ಇತ್ತು.

"ಮೊನ್ನೆ ಆಟದಲ್ಲಿ ಒಂದು ಮುಖ ಬಂದಿತ್ತು ಕಣೇ" ಅಂದ. "ನಕ್ಕಿತು. ಅವತ್ತಿನಿಂದ ಕಾಯ್ತಿದ್ದೀನಿ, ಬರ್ತಾನೇ ಇಲ್ಲ. ಎಷ್ಟು ಸಲ ಸತ್ತೆ ಗೊತ್ತಾ ಅದಕ್ಕೋಸ್ಕರ?"

ತುತ್ತಿನವಳು ಅಷ್ಟು ವರ್ಷ ಅವನಿಗೆ ಬಹುವಚನ ಬಿಟ್ಟು ಮಾತಾಡಿದವಳಲ್ಲ.

"ಅದನ್ನ ಹೊಡೆದೆ ನೀನು" ಅಂದಳು.

ಅವನ ಹೆಬ್ಬೆರಳುಗಳು ಒಂದನ್ನೊಂದು ಹಿಡಿದುಕೊಂಡವು. ಮಗು ಅವಳ ತೊಡೆಯ ಮೇಲೆ, ಅವನಿಂದ ಮೂರು ಹೆಜ್ಜೆ ದೂರದಲ್ಲಿ, ಕೊಡದ ಅಂಚು ಬಡಿಯುತ್ತಾ ಆಡುತ್ತಿತ್ತು. ತಲೆ ಎತ್ತಿದ್ದರೆ ಸಾಕಿತ್ತು. ಅವಳು ಹೇಳಲಿಲ್ಲ. ಇನ್ನು ಹೇಳುವುದಿಲ್ಲ ಅಂತ ತೀರ್ಮಾನ ಮಾಡಿದ್ದಳು. ಕೊಡದಲ್ಲಿ ಒಂದು ತುತ್ತು ಉಂಡೆ ಮಾಡಿ ಕೈಯಲ್ಲಿ ಹಿಡಿದು ಕೂತಳು. ಅವನು ನಿಂತಿದ್ದ. ಅವಳು ಕೂತಿದ್ದಳು. ತುತ್ತು ಬಿಸಿಲಿಗೆ ಒಣಗತೊಡಗಿತು.

ಅವನು ಎತ್ತಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಅಷ್ಟು ಹೊತ್ತಿಗೆ ಪಟದವನು ಊರು ಬಿಟ್ಟಿದ್ದ, ಕ್ಯಾಮೆರಾ ಕಪ್ಪು ಬಟ್ಟೆ ಎರಡನ್ನೂ ಗೂಡಿನಲ್ಲೇ ಬಿಟ್ಟು. ಊರ ಗಡಿಯಿಂದ ಒಂದೇ ಸಲ ತಿರುಗಿ ನೋಡಿದ, ಅಷ್ಟೇ ಕಂಡದ್ದು. ಎಲ್ಲಿ ಹೋದನೋ. ಊರೂರು ಅಲೆದು ಹೋಟೆಲುಗಳಲ್ಲಿ ಕೂತು ಹೆಬ್ಬೆರಳಿನ ಸುಳ್ಳು ಕತೆ ಕಟ್ಟಿಕೊಂಡಿದ್ದಾನೆ ಅನ್ನುತ್ತಾರೆ. ಆ ಹುಡುಗಿಯ ಹೆಸರು ಕೇಳಬೇಡಿ, ಹೇಳುವುದಿಲ್ಲ. ನೀವು ಇಲ್ಲಿ ಸುಮ್ಮನೆ ಬಾಯಿಗೆ ಬಂದ ಹಾಗೆ ಅನ್ನುತ್ತೀರಿ, ಅವಳು ಅಲ್ಲಿ ಮಾಡುವ ಕೆಲಸ ಬಿಟ್ಟು ತಿರುಗಿ ನೋಡುತ್ತಾಳೆ.

ಕತೆಯ ನಡುವೆ ಆರು ಸಲ ಮೊಬೈಲಿಗೆ ಬಗ್ಗಿದಿರಿ ನೀವು. ನಾನೇನೂ ಅನ್ನಲಿಲ್ಲ. ಈಗ ಅದನ್ನು ಜೇಬಿಗೆ ಹಾಕಿ. ಟೀ ಕುಡಿದಾಯಿತು, ನನ್ನ ಹತ್ತಿರ ಚಿಲ್ಲರೆ ಇಲ್ಲ, ನೋಟೂ ಇಲ್ಲ. ನನ್ನದೂ ಸೇರಿಸಿ ನೀವೇ ಕೊಟ್ಟುಬಿಡಿ. ಕೊಡುವ ಮೊದಲು ಒಂದು ಸಲ ಇತ್ತ ತಿರುಗಿ, ಯಾರ ಟೀಗೆ ಕೊಡುತ್ತಿದ್ದೀರಿ ಅಂತ ಸರಿಯಾಗಿ ನೋಡಿಕೊಳ್ಳಿ.